ನಿಮ್ಮಮ್ಮನ ಪರೀಕ್ಷೆ, ನನ್ನ ಕೈ

ಎಂ.ಎಸ್ಸಿ. ಭೌತಶಾಸ್ತ್ರದ ಒಂದು ಪತ್ರಿಕೆಗೆ ಉತ್ತರ ಬರೆದವಳು ನಾನು. ನ್ಯೂಕ್ಲಿಯಸ್ಸಿನ ಒಳಗೆ ಏನಿದೆ, ಅದರಿಂದ ಏನು ಹೊರಗೆ ಬರುತ್ತದೆ, ಅದಕ್ಕಿಂತ ಸಣ್ಣ ಕಣಗಳು ಯಾವುವು ಎಂಬುದನ್ನು ಮೊದಲಿಂದ ಪರಿಚಯ ಮಾಡಿಸುವ ಪಾಠ ಅದು. ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಾನು ಅದನ್ನು ಬರೆಯಬೇಕಾಗಿ ಬಂದದ್ದು ನಿಮ್ಮಮ್ಮನಿಗಾಗಿ, ನನ್ನ ಸೊಸೆಗಾಗಿ.

ನಿಮ್ಮಮ್ಮ ಈ ಕಥೆಯನ್ನು ನಗುತ್ತಾ ಹೇಳುತ್ತಾಳೆ. ಅವಳು ಹೇಳುವಾಗ ತಮಾಷೆಯ ಭಾಗ ಉಳಿದು ಮಿಕ್ಕದ್ದೆಲ್ಲ ಬಿಟ್ಟುಹೋಗುತ್ತದೆ. ನನಗೆ ನಗು ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನೀವಿಬ್ಬರೂ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವರು. ಓದಲು ಕಷ್ಟವಾದರೆ ನಿಮ್ಮಪ್ಪನ ಕೈಲಿ ಓದಿಸಿಕೊಳ್ಳಿ. ನಿಮ್ಮಮ್ಮನ ಕೈಲಿ ಬೇಡ, ಅವಳು ನಡುನಡುವೆ ತಿದ್ದುತ್ತಾಳೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಚೆನ್ನೈಗೆ ಬಂದೆ. ನಿಮ್ಮಪ್ಪನ ಕೆಲಸ ಗಿಂಡಿ ಎಂಬ ಬಡಾವಣೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಮನೆ ಮೈಲಾಪೂರಿನಲ್ಲಿ, ಹಳೆಯ ಕಟ್ಟಡದ ಎರಡನೆಯ ಮಹಡಿ. ಮದುವೆಯಾಗಿ ಬರುವಾಗಲೇ ನಿಮ್ಮಮ್ಮ ಎಂ.ಎಸ್ಸಿ. ಓದುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ. ಅವರ ಮನೆಯ ಮಾತು ಕನ್ನಡವಾದರೂ ಅದರಲ್ಲಿ ಅರ್ಧ ತಮಿಳು. ನನಗೆ ಬರುತ್ತಿದ್ದ ತಮಿಳು ತರಕಾರಿಯವಳ ಹತ್ತಿರ ಆಡುವಷ್ಟು ಮಾತ್ರ. ಹೊಸಬರ ಎದುರಿಗೆ ನನಗೆ ಕನ್ನಡವೇ ಬಾಯಿಗೆ ಬರುತ್ತಿರಲಿಲ್ಲ, ಇನ್ನು ತಮಿಳೆಲ್ಲಿ.

ಆ ವರ್ಷ ಅವಳಿಗೆ ಹಲವು ಪಾಠಗಳಿದ್ದವು. ಆದರೆ ನ್ಯೂಕ್ಲಿಯರ್ ಪಾಠವಿದ್ದ ದಿನ ಮನೆಗೆ ಬರುವಾಗ ಅವಳ ಮುಖವೇ ಬೇರೆ. ಬಸ್ಸಿನಲ್ಲಿ ನಿಂತು ಬಂದ ದಣಿವು ಕಾಣುತ್ತಿರಲಿಲ್ಲ. ಆ ಪಾಠ ಮಾಡುತ್ತಿದ್ದ ಪ್ರೊಫೆಸರು ಮುಂದಿನ ವರ್ಷಕ್ಕೆ ಒಬ್ಬರನ್ನು ತಮ್ಮ ಹತ್ತಿರ ಸಂಶೋಧನೆಗೆ ತೆಗೆದುಕೊಳ್ಳುವವರಿದ್ದರು. ಅವರದ್ದು ಒಂದೇ ಷರತ್ತು, ತಮ್ಮ ಪತ್ರಿಕೆಯಲ್ಲಿ ನೂರಕ್ಕೆ ಅರವತ್ತಾದರೂ ಬರಬೇಕು. ಕಾರಿಡಾರಿನಲ್ಲಿ ಒಮ್ಮೆ ಅವಳನ್ನು ನಿಲ್ಲಿಸಿ, ಪರೀಕ್ಷೆ ಮುಗಿಸಿ ಬಾಮ್ಮ, ನೋಡೋಣ, ಎಂದಿದ್ದರಂತೆ. ಅದನ್ನು ಅವಳು ಮೊದಲು ಹೇಳಿದ್ದು ನಿಮ್ಮಪ್ಪನಿಗಲ್ಲ, ಅಡುಗೆಮನೆಗೆ ಬಂದು ನನಗೆ. ಸಂಶೋಧನೆ ಎಂದರೇನು ಎಂದು ಕೇಳಿದ್ದಕ್ಕೆ, “ಇದನ್ನೇ ಜೀವನ ಪೂರ್ತಿ ಮಾಡ್ತಾ ಇರೋದು ಅತ್ತೆ,” ಎಂದಳು. ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆಂದರೆ ಮಕ್ಕಳು ಹೇಳುವ ದನಿಯಲ್ಲಿ ಹೇಳಿದಳು.

ಉಳಿದ ಪತ್ರಿಕೆಗಳನ್ನೆಲ್ಲ ತನ್ನ ಕೈಯಿಂದಲೇ ಬರೆದು ಮುಗಿಸಿದಳು. ಇದೊಂದು ಕೊನೆಯದು, ಇದಕ್ಕೆ ಮುಂಚೆ ವಾರಕ್ಕಿಂತ ಹೆಚ್ಚು ಬಿಡುವಿತ್ತು. ಆ ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರಿರಲಿಲ್ಲ. ಬೀದಿಗೆ ನೀರಿನ ಲಾರಿ ಬಂತೆಂದರೆ ಕಟ್ಟಡದ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಇಳಿಯಬೇಕು. ನಾನು ಇಳಿಯುತ್ತೇನೆಂದರೆ ನಿಮ್ಮಮ್ಮ ಬಿಡಲಿಲ್ಲ. ತುಂಬಿದ ಕೊಡ ಹೊತ್ತು ಮೇಲೆ ಬರುವಾಗ ಯಾರೋ ಚೆಲ್ಲಿದ ನೀರಿಗೆ ಕಾಲಿಟ್ಟು ಜಾರಿದಳು. ಬಲಗೈ ಊರಿಕೊಂಡೇ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಡಾಕ್ಟರು ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ತಿಂಗಳು ಮೀರುವವರೆಗೆ ಬಿಚ್ಚುವ ಹಾಗಿಲ್ಲ ಎಂದರು.

ಇಂಥವರಿಗೆ ಬೇರೆಯವರು ಕೂತು ಬರೆದುಕೊಡಬಹುದು ಎಂಬ ನಿಯಮವಿತ್ತು. ವಿದ್ಯಾರ್ಥಿ ಹೇಳಬೇಕು, ಅವರು ಬರೆಯಬೇಕು. ಆದರೆ ಬರೆಯುವವರು ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕು, ಆ ವಿಷಯ ಅವರಿಗೆ ಗೊತ್ತಿರಲೇಬಾರದು. ಗೊತ್ತಿದ್ದರೆ ತಾವೇ ಉತ್ತರ ಬರೆದುಬಿಟ್ಟಾರು ಎಂದು. ನಿಮ್ಮಮ್ಮನ ಗೆಳತಿಯರೆಲ್ಲ ಫಿಸಿಕ್ಸ್ ಓದಿದವರು, ಆಗುವಂತಿಲ್ಲ. ಪಕ್ಕದ ಮನೆಯ ಹುಡುಗಿಗೆ ಅವಳದ್ದೇ ಪರೀಕ್ಷೆ. ಕೆಳಗಿನ ಮನೆಯ ಮಾಮಿಗೆ ಮನಸ್ಸಿತ್ತು, ಇಂಗ್ಲೀಷ್ ಅಕ್ಷರ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ನಿಮ್ಮಪ್ಪ ನನ್ನ ಕಡೆ ನೋಡಿದ.

“ಅಮ್ಮನ ಅಕ್ಷರ ಚೆನ್ನಾಗಿದೆ,” ಎಂದ.

ನಿಮ್ಮಮ್ಮ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದವಳು ನಿಲ್ಲಿಸಿದಳು. “ಅತ್ತೆಗೆ ಯಾಕೆ ಸುಮ್ನೆ ತೊಂದರೆ,” ಎಂದಳು. ಆಗುವುದಿಲ್ಲ ಎನ್ನಲಿಲ್ಲ.

ವಿಶ್ವವಿದ್ಯಾಲಯದ ಪರೀಕ್ಷಾ ಆಫೀಸಿಗೆ ಮೂವರೂ ಹೋದೆವು. ಕಿಟಕಿಯ ಹಿಂದಿದ್ದ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಮ್ಮಪ್ಪನನ್ನು ತಮಿಳಿನಲ್ಲಿ ಕೇಳಿದರು, “ಇವರು ಫಿಸಿಕ್ಸ್ ಓದಿಲ್ಲ ಅನ್ನೋದಕ್ಕೆ ಏನು ಪ್ರೂಫ್?”

“ಓದದೇ ಇರೋದಕ್ಕೆ ಪ್ರೂಫ್ ಎಲ್ಲಿಂದ ತರೋದು ಸಾರ್? ಓದಿದ್ರೆ ತರಬಹುದಿತ್ತು,” ಎಂದ ನಿಮ್ಮಪ್ಪ.

“ಅದು ನನಗೆ ಗೊತ್ತಿಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನಾನು ಹೇಳ್ಬೇಕಲ್ಲ.”

ಅವರಿಬ್ಬರೂ ವಾದ ಮಾಡುತ್ತಿದ್ದಾಗ ಗುಮಾಸ್ತರಿಗೆ ಏನು ಹೊಳೆಯಿತೋ, ಕಿಟಕಿಯಿಂದ ಬಗ್ಗಿ ನನ್ನನ್ನೇ ಕೇಳಿದರು, “ಅಮ್ಮ, ಆಟಂ ಅಂದ್ರೆ ಏನು?”

ನನಗೆ ಉತ್ತರ ಗೊತ್ತಿತ್ತು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇದ್ದ ವಾಕ್ಯ ಹಾಗೆಯೇ ಕಣ್ಣ ಮುಂದೆ ಬಂತು, ಪುಟದ ಎಡಭಾಗದಲ್ಲಿ, ಚಿತ್ರದ ಕೆಳಗೆ. ಆದರೆ ಹಿಂದೆ ಸಾಲಿನಲ್ಲಿ ಅಷ್ಟೊಂದು ಹುಡುಗರು ನಿಂತಿದ್ದರು. ನಾಲಗೆ ಹೊರಳಲಿಲ್ಲ. ತಲೆ ತಗ್ಗಿಸಿ ನಿಂತೆ.

“ಸರಿ, ಇವರು ಆಗ್ತಾರೆ,” ಎಂದು ಗುಮಾಸ್ತರು ಮೊಹರು ಒತ್ತಿದರು.

ನಿಮ್ಮಪ್ಪ ಹೊರಗೆ ಬಂದು ನಕ್ಕಿದ್ದೇ ನಕ್ಕಿದ್ದು. ಅಮ್ಮ ಫೇಲಾಗಿ ಪಾಸಾದಳು ಎಂದ. ಬಸ್ಸಿನಲ್ಲಿ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತೆ.

ಮಾರನೆಯ ದಿನದಿಂದ ಅಭ್ಯಾಸ. ಊಟದ ಮೇಜಿನ ಈ ಕಡೆ ನಾನು, ಆ ಕಡೆ ಅವಳು. ಇಂಗ್ಲೀಷ್ ಪದಗಳನ್ನು ಅವಳು ಹೇಳಿದರೆ ನಾನು ಬರೆಯುತ್ತಿದ್ದೆ. ಸ್ಪೆಲ್ಲಿಂಗ್ ತಪ್ಪಿದರೆ ಪರವಾಗಿಲ್ಲ ಎಂದಳು. ಕಷ್ಟವಿದ್ದದ್ದು ಸೂತ್ರಗಳಲ್ಲಿ. ಅಲ್ಲಿ ಇಂಗ್ಲೀಷೂ ಅಲ್ಲದ ಅಕ್ಷರಗಳು. ಆಲ್ಫಾ ಎಂದಳು, ಏನೋ ಒಂದು ಬರೆದೆ. ಪೈ ಎಂದಳು, ಪಿ ಬರೆದೆ. ಮೊದಲ ದಿನವಿಡೀ ಕೂತರೂ ಒಂದು ಪುಟ ಆಗಲಿಲ್ಲ. ಅವಳು ಎಡಗೈಯಿಂದ ನೆತ್ತಿ ಒತ್ತಿಕೊಂಡು ಕೂತಳು.

ಅಕ್ಷರಗಳ ಹೆಸರು ಬೇಡ, ಆಕಾರ ಹೇಳು ಎಂದವಳು ನಾನೇ. ಅಲ್ಲಿಂದ ಕೆಲಸ ಸಾಗಿತು. ಆಲ್ಫಾ ಎಂದರೆ ಮೀನು. ಪೈ ಎಂದರೆ ಚಪ್ಪರ. ಮ್ಯೂ ಬಾಲದ ಯು. ನ್ಯೂ ಬಾಗಿದ ವಿ. ಸೈ ತ್ರಿಶೂಲ. ಅಕ್ಷರದ ಮೇಲ್ಗಡೆ ಸಣ್ಣದಾಗಿ ಬರೆಯಬೇಕಾದದ್ದು ಅಟ್ಟ, ಕೆಳಗಡೆ ಬರೆಯಬೇಕಾದದ್ದು ನೆಲ. ಕೆಲವು ಕಣಗಳಿಗೆ ಎದುರು ಕಣವೊಂದು ಇರುತ್ತದಂತೆ, ಅದನ್ನು ತೋರಿಸಲು ಅಕ್ಷರದ ನೆತ್ತಿಯ ಮೇಲೆ ಅಡ್ಡಗೆರೆ ಎಳೆಯಬೇಕು. ಅದಕ್ಕೆ ತಲೆ ಮೇಲೆ ಸೆರಗು ಎಂದೆವು.

ಹೀಗೆ ಅವಳು ಹೇಳುತ್ತಿದ್ದಳು: “ಎನ್. ಬಾಣ. ಪಿ. ಪ್ಲಸ್. ಇ, ಅಟ್ಟದಲ್ಲಿ ಮೈನಸ್. ಪ್ಲಸ್. ಬಾಗಿದ ವಿ, ತಲೆ ಮೇಲೆ ಸೆರಗು.”

“ಇದ್ಯಾರು ಸೆರಗು ಹೊದ್ದಿರೋಳು?” ಎಂದು ಕೇಳಿದೆ.

“ಅದು ಒಂದು ಕಣ ಅತ್ತೆ. ಭೂಮಿ ಒಳಗಿಂದಾನೇ ದಾಟಿ ಹೋಗುತ್ತೆ, ಯಾರ ಕಣ್ಣಿಗೂ ಬೀಳಲ್ಲ.”

“ಕಣ್ಣಿಗೇ ಬೀಳದೋಳಿಗೆ ಸೆರಗು ಬೇರೆ ಯಾಕವ್ವ?”

ಅವಳು ಬಿದ್ದು ಬಿದ್ದು ನಕ್ಕಳು. ಆ ವಾರದಲ್ಲಿ ಇಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ.

ಯಾಕೆಂದರೆ ಅವಳು ಏನನ್ನೂ ವಿವರಿಸಿ ಹೇಳುತ್ತಿರಲಿಲ್ಲ. ಬರೆದದ್ದು ಏನೆಂದು ತಿಳಿಯದೆ ಬರೆಯುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ಅರ್ಥ ಗೊತ್ತಿದ್ದರೆ ಕೈ ತಾನೇ ಮುಂದಿನ ಪದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಪ್ರತಿ ಅಕ್ಷರವೂ ಹೊಸ ಮೆಟ್ಟಿಲು. ಒಂದು ದಿನ ಗೋಡೆಯಂಥ ಚಿತ್ರ ಬರೆಸಿದಳು. ಒಳಗಡೆ ಮೀನು, ಅಂದರೆ ಆಲ್ಫಾ ಕಣ. ಅದಕ್ಕೆ ಆ ಗೋಡೆ ಹತ್ತಿ ಇಳಿಯುವಷ್ಟು ಶಕ್ತಿ ಇಲ್ಲವಂತೆ, ಆದರೂ ಒಂದು ದಿನ ಹೊರಗೆ ಬಂದುಬಿಡುತ್ತದಂತೆ.

“ಹತ್ತೋ ಶಕ್ತಿ ಇಲ್ಲದ ಮೇಲೆ ಹೆಂಗೆ ಬಂತು?”

“ಬರುತ್ತೆ ಅತ್ತೆ.”

“ಗೋಡೇಲಿ ತೂತು ಇತ್ತಾ?”

“ಇಲ್ಲ. ಬರುತ್ತೆ. ನೀವು ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ, ಸೀಕ್ರಂ, ಬೇಗ ಬರೀರಿ ಸಾಕು. ನಿಮಗೆ ಅರ್ಥ ಆಗ್ಬಾರ್ದು ಅಂತಾನೇ ರೂಲ್ ಇರೋದು.”

ತಮಾಷೆಗೆ ಹೇಳಿದಳೋ, ಆತುರಕ್ಕೋ. ಅವಳ ಮುಂದೆ ಇನ್ನೂ ಎಷ್ಟೋ ಪಾಠ ಓದುವುದಿತ್ತು, ಕೈ ನೋಯುತ್ತಿತ್ತು. ಆದರೂ ನನಗೆ ಚುರುಕ್ಕೆಂದಿತು. ಪೆನ್ನಿಗೂ ನನಗೂ ಏನು ವ್ಯತ್ಯಾಸ ಎಂದುಕೊಂಡೆ. ಪೆನ್ನಿಗಾದರೆ ಸಾರು ಕಾಯಿಸುವ ಕೆಲಸವಿರಲಿಲ್ಲ.

ವಾರದ ಕೊನೆಗೆ ನಮ್ಮ ಕೈ ಚೆನ್ನಾಗಿ ಪಳಗಿತು. ಉದ್ದುದ್ದ ಸೂತ್ರವನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದರೆ ನಾನು ನಿಲ್ಲಿಸದೆ ಬರೆಯುತ್ತಿದ್ದೆ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದೆವು, ಸಮಯಕ್ಕೆ ಮುಂಚೆಯೇ ಮುಗಿಯಿತು. ನಿಮ್ಮಮ್ಮ ನನ್ನ ಕೈ ಹಿಡಿದು, “ಅರವತ್ತಲ್ಲ ಅತ್ತೆ, ಎಂಬತ್ತು ಬರುತ್ತೆ,” ಎಂದಳು.

ಪರೀಕ್ಷೆಯ ದಿನ ನಮಗೆ ಬೇರೆ ಕೋಣೆ. ಒಂದು ಮೇಜು, ಕೆಲವು ಕುರ್ಚಿ. ನಮ್ಮಿಬ್ಬರ ಪಕ್ಕದಲ್ಲೇ ಕೂತು ನೋಡಿಕೊಳ್ಳಲು ಒಬ್ಬ ಮೇಷ್ಟ್ರನ್ನು ಹಾಕಿದ್ದರು. ಅವರು ಚರಿತ್ರೆ ಪಾಠ ಮಾಡುವವರು. ಅವರಿಗೂ ವಿಷಯ ಗೊತ್ತಿರಬಾರದೆಂಬುದು ನಿಯಮ. ಹೀಗೆ ಆ ಕೋಣೆಯಲ್ಲಿ ಭೌತಶಾಸ್ತ್ರ ಗೊತ್ತಿದ್ದವಳು ನಿಮ್ಮಮ್ಮ ಒಬ್ಬಳೇ. ಅವಳ ಕೈಗೆ ಪ್ಲಾಸ್ಟರು.

ಐದು ಪ್ರಶ್ನೆ ಬರೆಯಬೇಕಿತ್ತು. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ನಿಮ್ಮಮ್ಮನ ಕಣ್ಣು ಅರಳಿತು. ಕೊನೆಯ ಪ್ರಶ್ನೆಯ ಮೇಲೆ ಎಡಗೈ ಬೆರಳಿಟ್ಟು, “ಇದು ಕ್ವಾರ್ಕು. ಅವರ ಇಷ್ಟದ್ದು. ಇದನ್ನ ನಿಧಾನಕ್ಕೆ, ಚೆನ್ನಾಗಿ ಕೊನೇಲಿ ಬರೆಯೋಣ,” ಎಂದಳು. ಪ್ರೋಟಾನಿನ ಒಳಗೂ ಇನ್ನೂ ಸಣ್ಣ ಕಣಗಳಿವೆಯಂತೆ, ಅವು ಕ್ವಾರ್ಕುಗಳು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

ಮೊದಲ ಉತ್ತರದಲ್ಲಿ ಬರೀ ವಾಕ್ಯಗಳು, ಅವಳು ಇಂಗ್ಲೀಷಿನಲ್ಲಿ ಹೇಳಿದಳು, ಸಲೀಸಾಗಿ ಸಾಗಿತು. ಎರಡನೆಯದರಲ್ಲಿ ಸೂತ್ರ ಬಂತು.

“ಎ, ನೆಲದಲ್ಲಿ ವಿ. ಪಕ್ಕ ದೊಡ್ಡ ಎ. ಮೈನಸ್. ಎ, ನೆಲದಲ್ಲಿ ಎಸ್. ದೊಡ್ಡ ಎ, ಅಟ್ಟದ ಮೇಲೆ ಎರಡು ಬೈ ಮೂರು,” ಎಂದಳು. ಚರಿತ್ರೆ ಮೇಷ್ಟ್ರು ಓದುತ್ತಿದ್ದ ನ್ಯೂಸ್ ಪೇಪರಿನಿಂದ ತಲೆ ಎತ್ತಿದರು. ಮತ್ತೆ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಅವಳು, “ಮೀನು, ಅಟ್ಟದಲ್ಲಿ ನಾಲ್ಕು, ನೆಲದಲ್ಲಿ ಎರಡು,” ಎಂದಳು.

ಮೀನು ತಮಿಳಿನಲ್ಲೂ ಮೀನೇ. ಮೇಷ್ಟ್ರು ಪೇಪರು ಮಡಿಸಿಟ್ಟರು.

“ಎನ್ನಮ್ಮಾ ಮೀನು? ಫಿಸಿಕ್ಸಿನಲ್ಲಿ ಮೀನೆಲ್ಲಿಂದ ಬಂತು?”

ನಿಮ್ಮಮ್ಮ ತಮಿಳಿನಲ್ಲಿ ವಿವರಿಸಿದಳು. ಮೀನೆಂದರೆ ಆಲ್ಫಾ, ಅಟ್ಟವೆಂದರೆ ಮೇಲೆ, ನೆಲವೆಂದರೆ ಕೆಳಗೆ. ಅವಳು ವಿವರಿಸಿದಷ್ಟೂ ಅವರ ಹುಬ್ಬು ಗಂಟಾಯಿತು. ಇದು ಕೋಡ್ ಭಾಷೆ, ನೀವು ಅತ್ತೆ ಸೊಸೆ ಮನೆಯಲ್ಲೇ ಗೊತ್ತುಮಾಡಿಕೊಂಡು ಬಂದಿದ್ದೀರಿ, ಎಂದರು. ಗೊತ್ತುಮಾಡಿಕೊಂಡು ಬಂದದ್ದು ನಿಜವೇ. ಅದೇ ತಾನೆ ತೊಂದರೆ.

“ಇಂಗ್ಲೀಷ್, ಇಲ್ಲಾ ತಮಿಳ್. ಕನ್ನಡಂ ವೇಂಡಾಂ,” ಎಂದರು. ಕನ್ನಡ ಬೇಡವಂತೆ.

“ಸಾರ್, ಅತ್ತೆಗೆ ಈ ಅಕ್ಷರಗಳ ಹೆಸರು ಗೊತ್ತಿಲ್ಲ. ಆಕಾರ ಮಾತ್ರ ಗೊತ್ತು.”

“ಅದು ನಿಮ್ಮ ಕಷ್ಟ. ಏನು ಹೇಳ್ತಾ ಇದ್ದೀರಿ ಅಂತ ತಿಳಿಯದೆ ನಾನು ಹೇಗೆ ಸಹಿ ಹಾಕಲಿ?”

ಅವರ ಮಾತೂ ನ್ಯಾಯವಾದದ್ದೇ. ಹಾಗಾಗಿಯೇ ನನಗೆ ಇನ್ನಷ್ಟು ಸಂಕಟ. ಕೆಟ್ಟವರಾಗಿದ್ದರೆ ಬೈದುಕೊಳ್ಳಬಹುದಿತ್ತು. ಅವರು ಎದ್ದು ಪರೀಕ್ಷಾ ಮುಖ್ಯಸ್ಥರನ್ನು ಕರೆಯಲು ಹೋದರು, ಹೋಗುವಾಗ ಉತ್ತರಪತ್ರಿಕೆಯನ್ನೂ ತೆಗೆದುಕೊಂಡು ಹೋದರು. ನಿಮ್ಮಮ್ಮ ಗೋಡೆಯ ಗಡಿಯಾರ ನೋಡುತ್ತ ಕೂತಳು. ಅವಳ ತುಟಿ ಅಲ್ಲಾಡುತ್ತಿತ್ತು. ಮುಂದಿನ ಉತ್ತರವನ್ನು ಅಲ್ಲೇ ಹೇಳಿಕೊಳ್ಳುತ್ತಿದ್ದಳೋ ಏನೋ.

ಮುಖ್ಯಸ್ಥರು ಬಂದರು. ಇಬ್ಬರೂ ಬಾಗಿಲಲ್ಲಿ ನಿಂತು ಮಾತಾಡಿದರು. ಕನ್ನಡ ಗೊತ್ತಿರುವ ಮೇಷ್ಟ್ರು ಯಾರಿದ್ದಾರೆ ಎಂದು ಕೇಳಿದರು, ಇದ್ದ ಒಬ್ಬರು ರಜೆಯಲ್ಲಿದ್ದರಂತೆ. ಹೀಗೇ ಹೊತ್ತು ಹೋಗುತ್ತಿತ್ತು. ಆಗ ನಾನು ಎದ್ದು ನಿಂತೆ. ಯಾಕೆ ಎದ್ದೆ, ಹೇಗೆ ಬಾಯಿ ಬಂತು, ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಕ್ಯಾಂಟೀನಿನಲ್ಲಿ ಗಲ್ಲಾದ ಮೇಲೆ ಕೂತವರು ಅಡುಗೆಯವನನ್ನು ನಮ್ಮ ಕರಾವಳಿಯವರ ಕನ್ನಡದಲ್ಲಿ ಬೈಯುತ್ತಿದ್ದದ್ದು ಕೇಳಿದ್ದೆ. ನನ್ನ ತರಕಾರಿ ತಮಿಳಿನಲ್ಲಿ ಹೇಳಿದೆ, “ಸಾರ್, ಕ್ಯಾಂಟೀನ್‌ಕಾರರು ಕನ್ನಡಂ. ಅವರನ್ನ ಕೂಪ್ಪಿಡುಂಗೊ.”

ಮುಖ್ಯಸ್ಥರು ನಕ್ಕುಬಿಟ್ಟರು, ಆದರೆ ಕರೆಸಿದರು.

ಕ್ಯಾಂಟೀನಿನವರು ಹೆಗಲ ಮೇಲೆ ಟವೆಲು ಹಾಕಿಕೊಂಡೇ ಬಂದರು. ಒಗ್ಗರಣೆಯ ವಾಸನೆ ಕೋಣೆಗೆಲ್ಲ ಹರಡಿತು. ವಿಷಯ ತಿಳಿದ ಮೇಲೆ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

“ನೀವು ಹೆದರ್ಬೇಡಿ ಅಮ್ಮ. ನಂಗೆಂತ, ಕೂತು ಕೇಳುದಲ್ವಾ. ಹೇಳಿ ಮಗಾ, ನೀನು ಹೇಳು.”

ನಿಮ್ಮಮ್ಮ ಶುರುಮಾಡಿದಳು. ಪ್ರತಿ ಸಾಲಿಗೂ ಮೇಷ್ಟ್ರು ಕ್ಯಾಂಟೀನಿನವರ ಕಡೆ ತಿರುಗಿ, ಏನು ಹೇಳಿದರು ಎಂದು ಕೇಳುತ್ತಿದ್ದರು. ಅವರು ತಮಿಳಿನಲ್ಲಿ ಹೇಳುತ್ತಿದ್ದರು, “ಮೀನಂತೆ ಸಾರ್. ಅಟ್ಟದಲ್ಲಿ ನಾಲ್ಕುಂಟಂತೆ.”

“ಯಾವ ಅಟ್ಟ?”

“ಅದು ಕೇಳ್ಬೇಡಿ ಸಾರ್. ಇವರು ಹೇಳುದು, ಅವರು ಬರೆಯುದು. ಒಬ್ಬರಿಗೂ ಎಂತದೂ ಗೊತ್ತಿದ್ದ ಹಾಗೆ ಕಾಣುದಿಲ್ಲ. ಮೋಸ ಮಾಡ್ಲಿಕ್ಕೆ ಏನಾದ್ರೂ ಗೊತ್ತಿರ್ಬೇಕಲ್ಲ.”

ನಿಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುವುದು ಈ ಮಾತನ್ನೇ. ಆ ಕ್ಯಾಂಟೀನಿನವರು ಒಳ್ಳೆಯವರು, ಉಪಕಾರಕ್ಕೆ ಬಂದವರು. ಆದರೆ ಒಂದು ಸಾಲು ಬರೆಯುವ ಹೊತ್ತಿನಲ್ಲಿ ಮೂರು ಸಾಲಿನಷ್ಟು ಮಾತು ನಡೆಯುತ್ತಿತ್ತು. ಒಮ್ಮೆ ಅವರು ಉತ್ಸಾಹದಲ್ಲಿ, “ಅಮ್ಮ, ಚಪ್ಪರ ಬಿಟ್ಟುಹೋಯ್ತು ನೋಡಿ,” ಎಂದು ಬೆರಳು ತೋರಿಸಿದರು. ನೀವು ಸಹಾಯ ಮಾಡುವ ಹಾಗಿಲ್ಲ ಎಂದು ಮೇಷ್ಟ್ರು ಗದರಿದರು. ಅವರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೂತರು. ಮೂರನೆಯ ಉತ್ತರ ಮುಗಿಯುವ ಹೊತ್ತಿಗೆ ಎದ್ದು ನಿಂತರು.

“ಬೇಜಾರು ಮಾಡ್ಕೊಳ್ಬೇಡಿ. ಪರೀಕ್ಷೆ ಬಿಟ್ರೆ ಹುಡುಗರೆಲ್ಲ ಒಟ್ಟಿಗೇ ನುಗ್ಗುದು, ಪೂರಿಗೆ ಹಿಟ್ಟು ಕಲೆಸಿಲ್ಲ. ನಾನಿಲ್ಲದಿದ್ರೆ ಅಲ್ಲಿ ಒಬ್ಬನೂ ಕೈ ಅಲ್ಲಾಡಿಸುದಿಲ್ಲ,” ಎಂದು ಹೊರಟರು.

ಮೇಷ್ಟ್ರು ಮತ್ತೆ ಕನ್ನಡ ಬೇಡ ಎಂದರು, ನನ್ನ ತರಕಾರಿ ತಮಿಳು ಇದಕ್ಕೆ ಸಾಲದು, ಉಳಿದದ್ದು ಇಂಗ್ಲೀಷ್. ಈಗ ನಿಮ್ಮಮ್ಮ, “ಫಿಶ್,” ಎಂದಳು. ಇಂಗ್ಲೀಷಿನಲ್ಲಿ ಮೀನೆಂದರೆ ಅವರ ತಕರಾರಿರಲಿಲ್ಲ. ಫಿಶ್ ನನಗೂ ಗೊತ್ತಿತ್ತು. ಚಪ್ಪರಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಅಟ್ಟಕ್ಕೆ ಅಪ್ ಎಂದಳು, ನಾನು ಇಡೀ ಸಾಲನ್ನೇ ಮೇಲೆ ಬರೆದೆ. ಬೆರಳು ತೋರಿಸಿ ಹೇಳಲು ಹೋದಳು, ಮುಟ್ಟಬೇಡ ಎಂದರು. ಸೆರಗಿನ ಹತ್ತಿರ ಬಂದಾಗ ಅವಳು, “ಸ್ಯಾರಿ, ಹೆಡ್, ಸ್ಯಾರಿ ಆನ್ ಹೆಡ್,” ಎಂದು ಮೂರು ಸಲ ಹೇಳಿದಳು. ಮೂರನೆಯ ಸಲ ಅವಳ ದನಿ ಒಡೆಯಿತು. ಮದುವೆಯಾಗಿ ಬಂದ ಮೇಲೆ ನನ್ನ ಎದುರು ಅವಳು ಕಣ್ಣೀರು ಹಾಕಿದ್ದು ಅದೇ ಮೊದಲು. ಒರೆಸಿಕೊಳ್ಳಲು ಬಲಗೈ ಎತ್ತಿದಳು, ಪ್ಲಾಸ್ಟರು ಕೆನ್ನೆಗೆ ತಗುಲಿತು.

ಗಂಟೆ ಬಾರಿಸಿದಾಗ ಕ್ವಾರ್ಕಿನ ಪ್ರಶ್ನೆಯ ನಂಬರು ಹಾಕಿ ಒಂದು ಸಾಲು ಬರೆದಿದ್ದೆ. ಎರಡನೆಯ ಸಾಲಿಗೆ ಪೆನ್ನು ಇಟ್ಟಾಗ ಮೇಷ್ಟ್ರು ಪತ್ರಿಕೆ ಎಳೆದುಕೊಂಡು ದಾರ ಕಟ್ಟಿದರು. ಹೋದ ಹೊತ್ತನ್ನು ಕೊಡಿ ಎಂದು ನಿಮ್ಮಮ್ಮ ಕೇಳಿದಳು. ಹಾಗೆ ಕೊಡಲು ನಿಯಮವಿಲ್ಲ ಎಂದರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮೈಲಾಪೂರಿನಲ್ಲಿ ಇಳಿಯುವಾಗ, “ನೀವು ತಾನೇ ಏನು ಮಾಡ್ತೀರಿ ಅತ್ತೆ,” ಎಂದಳು. ಸಮಾಧಾನಕ್ಕೇ ಹೇಳಿದ್ದು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಾನೇನು ಮಾಡಲಿ ಎಂದರೆ, ನನಗೆ ಪಾಠ ಹೇಳಿಕೊಟ್ಟಿದ್ದರೆ ಆಗುತ್ತಿತ್ತು. ಹೇಳಿಕೊಡಬಾರದೆಂದು ನಿಯಮ. ಗೊತ್ತಿಲ್ಲದವಳೇ ಬೇಕೆಂದು ಆರಿಸಿ ಕೂರಿಸಿ, ಅವಳಿಗೆ ತಿಳಿಯುವ ಹಾಗೆ ಹೇಳಿದರೆ ಅದು ಮೋಸ ಎಂದು ಅನುಮಾನಪಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಫಲಿತಾಂಶ ಬಂದಾಗ ಅವಳ ಪ್ಲಾಸ್ಟರು ಬಿಚ್ಚಿತ್ತು. ಉಳಿದವುಗಳಲ್ಲೆಲ್ಲ ಒಳ್ಳೆಯ ಅಂಕ. ಇದರಲ್ಲಿ ಐವತ್ಮೂರು.

ಪ್ರೊಫೆಸರನ್ನು ನೋಡಲು ಹೊರಟಾಗ ನಾನೂ ಬರುತ್ತೇನೆಂದೆ. ನಡೆದದ್ದನ್ನು ನಾನೇ ಹೇಳಬೇಕೆಂದು ವಾಕ್ಯಗಳನ್ನು ತಮಿಳಿನಲ್ಲಿ ಜೋಡಿಸಿಕೊಂಡು ಹೋದೆ. ಅವರ ಕೋಣೆಗೆ ಹೋದ ಮೇಲೆ ಒಂದೂ ಹೊರಗೆ ಬರಲಿಲ್ಲ. ಎಲ್ಲವನ್ನೂ ನಿಮ್ಮಮ್ಮನೇ ಹೇಳಿದಳು. ಮೀನಿನ ವಿಷಯ ಬಂದಾಗ ಅವರು ನಕ್ಕರು. ಕ್ಯಾಂಟೀನಿನವರ ವಿಷಯಕ್ಕೆ ಇನ್ನೂ ಜೋರಾಗಿ ನಕ್ಕರು. ಅವಳೂ ಜೊತೆಗೆ ನಕ್ಕಳು. ಇದನ್ನು ತಮಾಷೆಯ ಕಥೆಯಾಗಿ ಹೇಳಲು ಅವಳು ಕಲಿತದ್ದು ಅಂದೇ ಇರಬೇಕು.

ನಕ್ಕು ಮುಗಿದ ಮೇಲೆ ಅವರು ಕೇಳಿದರು, “ಕ್ವಾರ್ಕ್ ಪ್ರಶ್ನೆ ಗೊತ್ತಿತ್ತಾ?”

ಅವಳು ಎದ್ದು ಹೋಗಿ ಗೋಡೆಯ ಹಲಗೆಯ ಮೇಲೆ ಬರೆಯತೊಡಗಿದಳು. ಮಣಿಕಟ್ಟು ಇನ್ನೂ ಸೊರಗಿಕೊಂಡಿತ್ತು, ಚಾಕ್‌ಪೀಸು ನಡುವೆ ಜಾರಿಬಿತ್ತು, ಎತ್ತಿಕೊಂಡು ಮುಂದುವರಿಸಿದಳು. ನಾನು ಒಂದೊಂದಾಗಿ ಕೆತ್ತುತ್ತಿದ್ದ ಅಕ್ಷರಗಳು ಅವಳ ಕೈಯಿಂದ ಸುಮ್ಮನೆ ಉದುರುತ್ತಿದ್ದವು. ಹಲಗೆ ತುಂಬಿತು. ಪ್ರೊಫೆಸರು ಎರಡು ಸಲ ತಲೆಯಾಡಿಸಿದರು, ಒಂದು ಕಡೆ ಏನೋ ಕೇಳಿದರು, ಅವಳು ಹಿಂದಿರುಗಿ ನೋಡದೆಯೇ ಉತ್ತರ ಹೇಳಿದಳು.

“ಗೊತ್ತಿದೆ ನಿನಗೆ,” ಎಂದರು ಅವರು. “ಆದ್ರೆ ಕಮಿಟಿ ಈ ಬೋರ್ಡ್ ನೋಡಲ್ಲಮ್ಮ. ಅಂಕ ನೋಡುತ್ತೆ. ಮುಂದಿನ ಸಲ ಈ ಪೇಪರ್ ಮತ್ತೆ ಬರಿ, ನಿನ್ನ ಕೈಲೇ. ಆಮೇಲೆ ನೋಡೋಣ.”

ನಾನು ಕೈಮುಗಿದೆ. ಅಷ್ಟೇ ನನಗೆ ಸಾಧ್ಯವಾದದ್ದು.

ಜೂನಿನಲ್ಲಿ ತಿರುವೊಟ್ಟಿಯೂರಿನ ಕಡೆ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿಗೆ ಪಾಸಾಗಿದ್ದರೆ ಸಾಕಿತ್ತು. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು ಬದಲಾಯಿಸಿ ಹೋಗಿ ಬರಬೇಕು. ಮತ್ತೆ ಪರೀಕ್ಷೆ ಕಟ್ಟುತ್ತೇನೆ ಎನ್ನುತ್ತಿದ್ದಳು. ಕಟ್ಟುವ ಹೊತ್ತಿಗೆ ನಿಮ್ಮಿಬ್ಬರಲ್ಲಿ ದೊಡ್ಡವನು ಹೊಟ್ಟೆಯಲ್ಲಿದ್ದ, ಬೆಳಗಾದರೆ ವಾಂತಿ. ಅದು ನಿನ್ನ ತಪ್ಪಲ್ಲ ಮಗು. ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡ.

ಪ್ರೊಫೆಸರು ಆ ವರ್ಷ ಸಂಶೋಧನೆಗೆ ತೆಗೆದುಕೊಂಡದ್ದು ಅವಳ ಜೊತೆ ಓದಿದ ಒಬ್ಬ ಹುಡುಗನನ್ನು. ಅವನು ಒಂದು ಭಾನುವಾರ ನಮ್ಮ ಮನೆಗೆ ಬಂದ. ಒಳ್ಳೆಯ ಹುಡುಗ, ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಬಂದ. ಕ್ವಾರ್ಕಿನ ವಿಷಯದಲ್ಲಿ ಎಲ್ಲೋ ಸಿಕ್ಕಿಕೊಂಡಿದೆ, ಬಿಡಿಸಿ ಹೇಳು ಎಂದು ಕೇಳಲು ಬಂದಿದ್ದ. ನಿಮ್ಮಮ್ಮ ಅದೇ ಊಟದ ಮೇಜಿಗೆ ಕಾಗದ ಹರಡಿಕೊಂಡು ಕೂತಳು. ಬಿಳಿ ಹಾಳೆಯ ಮೇಲೆ ಬರೆಯುತ್ತ, ತಮಿಳಿನಲ್ಲಿ ಒಂದೇ ಸಮನೆ ಹೇಳುತ್ತ ಹೋದಳು. ಅವನು ಮತ್ತೆ ಮತ್ತೆ ಕೇಳಿದ, ಅವಳು ಮತ್ತೆ ಮತ್ತೆ ಹೇಳಿದಳು. ಅವಳ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಆ ಪಾಠವಿದ್ದ ದಿನಗಳಲ್ಲಿ ಬರುತ್ತಿದ್ದ ಮುಖವೇ ಇತ್ತು.

ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಕಾಫಿ ಮಾಡಿ ತಂದಿಟ್ಟಿದ್ದೆ, ಅವನು ಕುಡಿದು ತುಂಬ ಚೆನ್ನಾಗಿದೆ ಎಂದಿದ್ದ.

“ಅತ್ತೆ, ಇವನಿಗೆ ಇನ್ನೊಂದು ಲೋಟ ಕಾಫಿ ಸಿಗುತ್ತಾ?” ಎಂದು ನಿಮ್ಮಮ್ಮ ಕೂಗಿ ಕೇಳಿದಳು.

ಹಾಲು ಮುಗಿದಿದೆ ಎಂದೆ. ಮುಗಿದಿರಲಿಲ್ಲ.